ಪಹಣಿ ನನ್ನ ಹೆಸರಲ್ಲಿ, ಚಿತ್ರ ಎಲ್ಲಿ?

2021ರಲ್ಲಿ ನಾನೊಂದು ಚಿತ್ರ ಕೊಂಡೆ. ನಾಲ್ಕು ಸಾವಿರ ರೂಪಾಯಿ. ಮಳೆಗಾಲದ ಕಡಲು, ದೂರದಲ್ಲೊಂದು ದೋಣಿ. ಊರಿಗೆ ಹೋದಾಗ ಬಿಜೂರಿನ ಮನೆಯ ಜಗಲಿಯಲ್ಲಿ ಕೂತು ಅಮ್ಮಮ್ಮನಿಗೆ ಮೊಬೈಲಲ್ಲಿ ತೋರಿಸಿದೆ. ಕನ್ನಡಕ ಸರಿಮಾಡಿಕೊಂಡು ನೋಡಿದರು.

"ಕಾಂಬುಕೆ ಲಾಯ್ಕ್ ಇತ್ತ್ ಮಗಾ. ಗ್ವಾಡಿಗ್ ಹಾಕುಕ್ ಆತ್ತಾ?"

ಆಗಲ್ಲ ಅಮ್ಮಮ್ಮ, ಇದು ಡಿಜಿಟಲ್, ಅಂದೆ.

"ಇದ್ ನಿನ್ ಹತ್ರ ಮಾತ್ರ ಇಪ್ಪುದಾ?"

ಇಲ್ಲ, ಯಾರು ಬೇಕಾದ್ರೂ ನೋಡಬಹುದು, ಡೌನ್‌ಲೋಡ್ ಕೂಡ ಮಾಡಬಹುದು.

"ಹಾಂಗಾರೆ ನೀ ದುಡ್ ಕೊಟ್ಟದ್ ಎಂತಕೆ?"

ಸ್ಟುಡಿಯೋದಲ್ಲಿ ದೊಡ್ಡ ದೊಡ್ಡವರಿಗೆ ಪ್ರಶ್ನೆ ಕೇಳೋನು ನಾನು. ಅವತ್ತು ನನ್ನ ಹತ್ರ ಉತ್ತರ ಇರಲಿಲ್ಲ. ಓದಿದ್ದು ಇಂಜಿನಿಯರಿಂಗ್. ಬ್ಲಾಕ್‌ಚೈನ್ ಹೇಗೆ ಕೆಲಸ ಮಾಡುತ್ತೆ ಅಂತ ಹೇಳಬಲ್ಲೆ, ಹಣ ಯಾಕೆ ಕೊಟ್ಟೆ ಅಂತ ಹೇಳೋಕೆ ಆಗಲಿಲ್ಲ. ಉತ್ತರ ಮಾತ್ರ ಅದೇ ಜಗಲಿಯ ಗೋಡೆ ಮೇಲಿತ್ತು. ಅದು ಅರ್ಥವಾಗೋಕೆ ನನಗೆ ಎರಡು ವರ್ಷ ಬೇಕಾಯಿತು.

ಗೋಡೆ ಮೇಲಿದ್ದದ್ದು ಸರಸ್ವತಿಯ ಪಟ. ಮರದ ಚೌಕಟ್ಟು, ಗಾಜಿನ ಒಳಗೆ ಮಳೆಗಾಲದ ತೇವಕ್ಕೆ ಬಂದ ಕಲೆ, ಕೆಳಗೆ ಸಣ್ಣ ಇಂಗ್ಲಿಷ್ ಅಕ್ಷರದಲ್ಲಿ ರವಿವರ್ಮ ಪ್ರೆಸ್ ಅನ್ನೋ ಹೆಸರು. ಹಾಗಾಗಿ ಡಿಜಿಟಲ್ ಚಿತ್ರದ ಕಥೆ ಹೇಳೋಕೆ ಮುಂಚೆ ಈ ಪಟದ ಕಥೆ ಹೇಳಬೇಕು.

ರಾಜಾ ರವಿವರ್ಮ ಹುಟ್ಟಿದ್ದು 1848ರಲ್ಲಿ, ಕೇರಳದ ಕಿಳಿಮಾನೂರಿನಲ್ಲಿ. ಹರೆಯದಲ್ಲಿ ಕೊಲ್ಲೂರಿಗೆ ಬಂದು ಮೂಕಾಂಬಿಕೆಯ ಸನ್ನಿಧಿಯಲ್ಲಿ ವ್ರತ ಹಿಡಿದಿದ್ದರು ಅಂತ ಅವರ ಜೀವನಚರಿತ್ರೆ ಬರೆದವರು ಹೇಳುತ್ತಾರೆ. ಅಂದರೆ ನಮ್ಮ ಬಿಜೂರಿನ ಪಕ್ಕಕ್ಕೇ ಬಂದು ಹೋದವರು. ಆಮೇಲೆ ಅವರ ಎಣ್ಣೆಬಣ್ಣದ ಚಿತ್ರಗಳು ಅರಮನೆಗಳಿಗೆ ಹೋದವು. ಮೈಸೂರಿನ ಜಗನ್ಮೋಹನ ಅರಮನೆಯ ಗ್ಯಾಲರಿಯಲ್ಲಿ ಈಗಲೂ ಇವೆ. ಆದರೆ ಆ ಕಾಲದಲ್ಲಿ ಅರಮನೆಯೊಳಗಿನ ಚಿತ್ರ ನೋಡೋ ಯೋಗ ಎಷ್ಟು ಜನಕ್ಕೆ ಇತ್ತು?

ತಿರುವಾಂಕೂರಿನಲ್ಲೂ ಬರೋಡಾದಲ್ಲೂ ದಿವಾನರಾಗಿದ್ದ ಟಿ. ಮಾಧವರಾವ್ 1884ರಲ್ಲಿ ರವಿವರ್ಮರಿಗೆ ಒಂದು ಸಲಹೆ ಕೊಟ್ಟರು. ನಿಮ್ಮ ಚಿತ್ರಗಳಿಗೆ ಎಲ್ಲೆಡೆ ಬೇಡಿಕೆ ಇದೆ, ಒಂದೇ ಕೈಯಲ್ಲಿ ಅಷ್ಟನ್ನು ಪೂರೈಸೋಕೆ ಆಗಲ್ಲ, ಆಯ್ದ ಕೆಲವನ್ನು ಯುರೋಪಿಗೆ ಕಳಿಸಿ ಅಚ್ಚು ಹಾಕಿಸಿ ಅಂತ. ಹತ್ತು ವರ್ಷದ ಮೇಲೆ, 1894ರಲ್ಲಿ, ರವಿವರ್ಮ ಮುಂಬೈಯಲ್ಲಿ ಸ್ವಂತ ಪ್ರೆಸ್ ಹಾಕಿದರು. ಜರ್ಮನಿಯ ಯಂತ್ರ, ಜರ್ಮನಿಯ ತಂತ್ರಜ್ಞರು. ಒಂದೊಂದು ಬಣ್ಣಕ್ಕೂ ಒಂದೊಂದು ಕಲ್ಲಚ್ಚು. ಅದೇ ಕಾಗದ ಮತ್ತೆ ಮತ್ತೆ ಕಲ್ಲಿನ ಮೇಲೆ ಹೋಗಿ, ಬಣ್ಣದ ಮೇಲೆ ಬಣ್ಣ ಕೂತು, ಕೊನೆಗೆ ಲಕ್ಷ್ಮಿಯೋ ಸರಸ್ವತಿಯೋ ಮೂಡುತ್ತಿದ್ದಳು. ಮೊದಲು ಅಚ್ಚಾದದ್ದು ಶಕುಂತಲೆಯ ಜನನದ ಚಿತ್ರ.

ಪ್ರೆಸ್ ಲಾಭ ತರಲಿಲ್ಲ. ಮುಂಬೈಗೆ ಪ್ಲೇಗ್ ಬಂತು, ಸಾಲ ಏರಿತು. ಪ್ರೆಸ್ಸನ್ನು ಲೋಣಾವಳದ ಹತ್ತಿರಕ್ಕೆ ಸಾಗಿಸಿದರು, ಕೊನೆಗೆ ಫ್ರಿಟ್ಜ್ ಶ್ಲೈಚರ್ ಅನ್ನೋ ಜರ್ಮನ್ ತಂತ್ರಜ್ಞನಿಗೆ ಮಾರಿದರು. 1972ರಲ್ಲಿ ಬೆಂಕಿಗೆ ಅದು ಹಾಳಾಯಿತು. ಕಲಾವಿಮರ್ಶಕರಂತೂ ಈ ಅಚ್ಚುಗಳನ್ನು ಕ್ಯಾಲೆಂಡರ್ ಕಲೆ ಅಂತ ಮೂಗು ಮುರಿದರು. ಯಂತ್ರದಲ್ಲಿ ಸಾವಿರ ಪ್ರತಿ ಬಂದಮೇಲೆ ಅದೆಂಥ ಕಲೆ?

ಈಗ ಏನಾಗಿದೆ? ಅದೇ ಅಚ್ಚುಗಳನ್ನು ಸಂಗ್ರಾಹಕರು ಹುಡುಕಿಕೊಂಡು ಹೋಗುತ್ತಾರೆ. ಹಳೆಯದು, ಜರಿ ಅಂಟಿಸಿದ್ದು, ಪ್ರೆಸ್ಸಿನ ಹೆಸರಿದ್ದದ್ದು ಹರಾಜಿಗೆ ಬರುತ್ತವೆ. ಬೆಂಗಳೂರಿನ ಮ್ಯೂಸಿಯಂ ಆಫ್ ಆರ್ಟ್ ಆ್ಯಂಡ್ ಫೋಟೋಗ್ರಫಿಯಲ್ಲಿ ಇಂಥ ಅಚ್ಚುಗಳಿಗೆ ಗೌರವದ ಜಾಗ ಇದೆ. ಗೋಡೆಯಿಂದ ಇಳಿಸಿ ಗುಜರಿಗೆ ಹಾಕಿದವರು ಈಗ ತಲೆ ಚಚ್ಚಿಕೊಳ್ಳುತ್ತಿದ್ದಾರೆ. ನೆನಪಿಡಿ, ಪ್ರತಿ ಬೇಕಾದಷ್ಟು ಬಂತು ಅಂದಮಾತ್ರಕ್ಕೆ ಬೆಲೆ ಸಾಯಲ್ಲ. ಯಾರ ಕೈಯದ್ದು, ಎಲ್ಲಿಂದ ಬಂತು, ಎಷ್ಟು ಉಳಿದಿವೆ ಅನ್ನೋದಕ್ಕೆ ಗುರುತು ಬೇಕು, ಅಷ್ಟೇ.

ಈಗ ಕಂಪ್ಯೂಟರಿಗೆ ಬರೋಣ. 1963ರಲ್ಲಿ ಅಮೆರಿಕದ ಎಂಐಟಿಯಲ್ಲಿ ಐವನ್ ಸದರ್‌ಲ್ಯಾಂಡ್ ಅನ್ನೋ ವಿದ್ಯಾರ್ಥಿ ಬೆಳಕಿನ ಪೆನ್ನಿನಿಂದ ಪರದೆ ಮೇಲೆ ಗೆರೆ ಎಳೆದು ತೋರಿಸಿದ. 1973ರ ಹೊತ್ತಿಗೆ ಜೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ರಿಚರ್ಡ್ ಶೂಪ್, ಪರದೆ ಮೇಲೆ ಬಣ್ಣ ಬಳಿಯೋ ಸೂಪರ್‌ಪೇಂಟ್ ರೂಪಿಸಿದ್ದ. 1985ರ ಜುಲೈಯಲ್ಲಿ ಹೆಸರಾಂತ ಕಲಾವಿದ ಆ್ಯಂಡಿ ವಾರ್ಹಾಲ್ ನ್ಯೂಯಾರ್ಕಿನ ವೇದಿಕೆ ಮೇಲೆ, ಜನರ ಎದುರೇ, ಅಮಿಗಾ ಕಂಪ್ಯೂಟರಿನಲ್ಲಿ ಗಾಯಕಿ ಡೆಬಿ ಹ್ಯಾರಿಯ ಚಿತ್ರ ಬಿಡಿಸಿದ. 1990ರಲ್ಲಿ ಫೋಟೋಶಾಪ್ ಬಂತು. ಆಮೇಲೆ ನಮ್ಮ ಕುಂದಾಪುರದ ಫ್ಲೆಕ್ಸ್ ಅಂಗಡಿಯ ತನಕ ಎಲ್ಲರೂ ಕಂಪ್ಯೂಟರಿನಲ್ಲೇ ಚಿತ್ರ ಮಾಡಿದರು.

ಆದರೆ ಗ್ಯಾಲರಿಗಳು ಬಹುಕಾಲ ಬಾಗಿಲು ತೆಗೆಯಲಿಲ್ಲ. ಯಂತ್ರದ ಕೆಲಸ ಅನ್ನೋ ತಾತ್ಸಾರ ಒಂದು ಕಡೆ. ನಿಜವಾದ ತೊಡಕು ಬೇರೆ. ಕಲ್ಲಚ್ಚು ಸವೆಯುತ್ತೆ, ನೆಗೆಟಿವ್ ಮಾಸುತ್ತೆ, ಕಂಪ್ಯೂಟರ್ ಫೈಲು ಸವೆಯಲ್ಲ. ಮೊದಲನೇ ಪ್ರತಿಗೂ ಲಕ್ಷದ ಪ್ರತಿಗೂ ಒಂದು ಬಿಟ್ ವ್ಯತ್ಯಾಸ ಇಲ್ಲ. ಹಾಗಿದ್ದಮೇಲೆ ಕೊಳ್ಳೋನು ಯಾವುದನ್ನು ಅಸಲಿ ಅಂತ ಕೊಳ್ಳಬೇಕು?

ಇದಕ್ಕೆ ಒಂದು ಹಳೇ ದಾರಿ ಇತ್ತು. ಕಲ್ಲಚ್ಚಿನವರು, ಫೋಟೋಗ್ರಾಫರುಗಳು ಮಾಡಿಕೊಂಡು ಬಂದದ್ದು. ಇಷ್ಟೇ ಪ್ರತಿ ತೆಗೀತೀನಿ ಅಂತ ಮಾತು ಕೊಡೋದು, ಪ್ರತಿಯೊಂದಕ್ಕೂ ನಂಬರ್ ಹಾಕಿ ಸಹಿ ಮಾಡೋದು. ಇಂಗ್ಲೆಂಡಿನ ಡೇವಿಡ್ ಹಾಕ್ನಿ ಮಾಡಿದ್ದು ಇದನ್ನೇ. ಎಪ್ಪತ್ತು ದಾಟಿದ ಮೇಲೆ ಐಪ್ಯಾಡ್ ಹಿಡಿದರು. 2011ರ ವಸಂತದಲ್ಲಿ ತನ್ನೂರಿನ ರಸ್ತೆ, ಮರ, ಚಿಗುರು ಎಲ್ಲವನ್ನೂ ಅದರಲ್ಲೇ ಬರೆದರು. ಕಾಗದದ ಮೇಲೆ ಮುದ್ರಿಸಿ, ಸಹಿ ಹಾಕಿ, ಅನೇಕ ಚಿತ್ರಗಳನ್ನು ತಲಾ 25 ಪ್ರತಿಗೆ ನಿಲ್ಲಿಸಿದರು. ಜಗತ್ತಿನ ದೊಡ್ಡ ಹರಾಜುಮನೆಗಳಲ್ಲಿ ಅವು ಮಾರಾಟವಾಗುತ್ತಿವೆ. ಡಿಜಿಟಲ್ ಚಿತ್ರ ಕಲಾಮಾರುಕಟ್ಟೆಯ ಒಳಗೆ ಬಂದ ಒಂದು ದಾರಿ ಇದು.

ಇನ್ನೊಂದು ಬಾಗಿಲು ಎನ್‌ಎಫ್‌ಟಿ. ನಮ್ಮೂರಿನ ಭಾಷೆಯಲ್ಲಿ ಹೇಳ್ತೀನಿ, ಇದು ಪಹಣಿ. ಪಹಣಿಯೊಳಗೆ ಗದ್ದೆ ಇರಲ್ಲ. ಗದ್ದೆ ಯಾರದ್ದು ಅನ್ನೋ ದಾಖಲೆ ಇರುತ್ತೆ. ಎನ್‌ಎಫ್‌ಟಿಯೂ ಅಷ್ಟೇ. ಈ ಚಿತ್ರ ಇಂಥವರದ್ದು ಅಂತ ಯಾರೂ ತಿದ್ದಲಾಗದ ಲೆಕ್ಕಪುಸ್ತಕದಲ್ಲಿ ಒಂದು ಸಾಲು. ಕೆವಿನ್ ಮೆಕಾಯ್ ಅನ್ನೋ ಕಲಾವಿದ 2014ರಲ್ಲೇ ಇಂಥದ್ದೊಂದು ಮಾಡಿದ್ದ, ಆಗ ಹೆಚ್ಚಿನವರ ಗಮನಕ್ಕೆ ಬರಲಿಲ್ಲ. 2021ರ ಮಾರ್ಚ್ 11ರಂದು ಕ್ರಿಸ್ಟೀಸ್ ಹರಾಜಿನಲ್ಲಿ ಬೀಪಲ್ ಅನ್ನೋ ಕಲಾವಿದನ ಡಿಜಿಟಲ್ ಕೃತಿ 6.93 ಕೋಟಿ ಡಾಲರಿಗೆ ಹೋಯಿತು. ಆಗಿನ ಲೆಕ್ಕದಲ್ಲಿ ಸುಮಾರು 500 ಕೋಟಿ ರೂಪಾಯಿ! ದಿನಕ್ಕೊಂದರಂತೆ ಮಾಡಿದ 5000 ಚಿತ್ರಗಳ ಒಂದು ಜೋಡಣೆ ಅದು. ಕೊಂಡವರು ತಮಿಳುನಾಡು ಮೂಲದ ವಿಘ್ನೇಶ್ ಸುಂದರೇಶನ್. ನಾವೂ ಆ ರಾತ್ರಿ ಬ್ರೇಕಿಂಗ್ ನ್ಯೂಸ್ ಹೊಡೆದೆವು. ನಾನು ನಾಲ್ಕು ಸಾವಿರ ಕಳೆದುಕೊಳ್ಳೋಕೆ ಪೀಠಿಕೆ ಅದೇ.

ಆಮೇಲಿನ ಕಥೆ ನಿಮಗೆ ಗೊತ್ತು. ಕೇಂದ್ರ ಸರ್ಕಾರ 2022ರ ಏಪ್ರಿಲ್‌ನಿಂದ ಇಂಥ ಡಿಜಿಟಲ್ ಆಸ್ತಿಯ ಲಾಭಕ್ಕೆ ಶೇ. 30 ತೆರಿಗೆ ಹಾಕಿತು. ಅದೇ ವರ್ಷ ಜಗತ್ತಿನೆಲ್ಲೆಡೆ ಮಾರುಕಟ್ಟೆ ಕುಸಿಯಿತು. ನಾನು ಚಿತ್ರ ಕೊಂಡ ಜಾಲತಾಣ ಒಂದು ದಿನ ಸದ್ದಿಲ್ಲದೆ ಮುಚ್ಚಿತು. 2023ರಲ್ಲಿ ಲಿಂಕ್ ಒತ್ತಿದರೆ ಬಿಳಿ ಪರದೆ. ಬ್ಲಾಕ್‌ಚೈನಿನಲ್ಲಿ ನನ್ನ ಹೆಸರಿನ ಸಾಲು ಇವತ್ತಿಗೂ ಭದ್ರವಾಗಿದೆ, ಚಿತ್ರ ಇಲ್ಲ. ಪಹಣಿ ಕೈಯಲ್ಲಿದೆ, ಗದ್ದೆಯನ್ನು ಕಡಲು ಕೊಂಡೊಯ್ದಿದೆ. ಕಡಲ್ಕೊರೆತ ನೋಡಿದ ಊರಿನವನು ನಾನು, ಆದರೂ ಇದು ಹೊಳೆಯಲಿಲ್ಲ ನೋಡಿ.

ವಾರ್ಹಾಲ್ ಚಿತ್ರಗಳಿಗೂ ಇದೇ ಗತಿ ಬರಬೇಕಿತ್ತು. ಅವನ ಫ್ಲಾಪಿಗಳು ಮ್ಯೂಸಿಯಮ್ಮಿನ ಸಂಗ್ರಹದಲ್ಲಿ ಸುಮ್ಮನೆ ಬಿದ್ದಿದ್ದವು, ಓದೋಕೆ ಆಗ್ತಿರಲಿಲ್ಲ. ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಕಂಪ್ಯೂಟರ್ ಕ್ಲಬ್ಬಿನವರು ಆ ಹಳೇ ಫೈಲುಗಳನ್ನು ಬಿಡಿಸಿ, 2014ರಲ್ಲಿ ಜಗತ್ತಿಗೆ ತೋರಿಸಿದರು. 2021ರಲ್ಲಿ ಐದು ಚಿತ್ರಗಳು ಎನ್‌ಎಫ್‌ಟಿ ಆಗಿ 33 ಲಕ್ಷ ಡಾಲರಿಗೂ ಹೆಚ್ಚಿಗೆ ಮಾರಾಟವಾದವು. ಆಗಲೂ ತಕರಾರು ಬಂತು: ಮಾರಿದ್ದು ಹಿಗ್ಗಿಸಿದ ಫೈಲು, ವಾರ್ಹಾಲ್ ಉಳಿಸಿದ ಮೂಲ ಫೈಲು ಅಲ್ಲ ಅಂತ. ಲಕ್ಷಾಂತರ ಡಾಲರ್ ಕೊಟ್ಟವನಿಗೂ ಕೊನೆಗೆ ಎದುರಾದದ್ದು ಅಮ್ಮಮ್ಮನ ಪ್ರಶ್ನೆಯೇ.

ಇನ್ನು ನಮ್ಮ ಕರಾವಳಿಗೆ ಬನ್ನಿ. ಕಾಸರಗೋಡಿನ ಕೂಡ್ಲು ಊರಿನ ಕರಣ್ ಆಚಾರ್ಯ 2015ರಲ್ಲಿ ಊರಿನ ಗೆಳೆಯರ ಧ್ವಜಕ್ಕಾಗಿ ಕಂಪ್ಯೂಟರಿನಲ್ಲಿ ಒಂದು ಚಿತ್ರ ಮಾಡಿದರು. ಕೇಸರಿ, ಕಪ್ಪು ಎರಡೇ ಬಣ್ಣದಲ್ಲಿ ಹುಬ್ಬು ಗಂಟಿಕ್ಕಿದ ಹನುಮಂತನ ಮುಖ. ನಿಮ್ಮ ಮುಂದೆ ಹೋಗೋ ಕಾರಿನ ಹಿಂದಿನ ಗಾಜಿನಲ್ಲಿ ನೋಡಿದ್ದೀರಲ್ಲ, ಅದೇ. 2018ರಲ್ಲಿ ಮಂಗಳೂರಿನ ಸಭೆಯಲ್ಲಿ ಪ್ರಧಾನಿಯೇ ಆ ಕಲಾವಿದನನ್ನು ಹೊಗಳಿದರು. ಆ ಚಿತ್ರದ ಸುತ್ತ ರಾಜಕೀಯದ ಜಗಳ ಬೇಕಾದಷ್ಟು ನಡೆಯಿತು, ನಮ್ಮ ಚಾನೆಲ್ಲುಗಳಲ್ಲೂ ನಡೆಯಿತು. ನನ್ನ ಪ್ರಶ್ನೆ ಬೇರೆ. ಆ ಸ್ಟಿಕ್ಕರ್ ಅಂಟಿಸಿಕೊಂಡವರಲ್ಲಿ ಎಷ್ಟು ಮಂದಿಗೆ ಕಲಾವಿದನ ಹೆಸರು ಗೊತ್ತಿತ್ತು? ನಮ್ಮ ಕಡೆಯಿಂದ ಹೊರಟ ಒಂದು ಡಿಜಿಟಲ್ ಚಿತ್ರ ದೇಶವೆಲ್ಲ ಸುತ್ತಿತು, ಬರೆದವನ ಸಹಿ ಬಿಟ್ಟು!

ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಚಿತ್ರದ ಹಕ್ಕು ಸಾಮಾನ್ಯವಾಗಿ ಅದನ್ನು ರಚಿಸಿದ ಕ್ಷಣದಿಂದಲೇ ಕಲಾವಿದನದ್ದು. ನೋಂದಣಿ ಕಡ್ಡಾಯ ಅಲ್ಲ. ಆದರೆ ಕಾಗದದ ಮೇಲಿನ ಹಕ್ಕು ಬೇರೆ, ಕೈಗೆ ಬರೋ ಕಾಸು ಬೇರೆ. ಬೈಂದೂರು, ಕುಂದಾಪುರದ ಸಣ್ಣ ಕೋಣೆಗಳಲ್ಲಿ ಟ್ಯಾಬ್ಲೆಟ್ ಹಿಡಿದು ಯಕ್ಷಗಾನದ ವೇಷ, ಕೋಲದ ಮುಖ ಬರೆಯೋ ಹುಡುಗ ಹುಡುಗಿಯರು ಇದ್ದಾರೆ. ಅವರಿಗೆ ನನ್ನದೊಂದು ಮಾತು. ವಾಟ್ಸ್ಯಾಪಿಗೆ ಬಿಡೋ ಮುಂಚೆ ಸಹಿ ಹಾಕಿ. ಎಷ್ಟು ಪ್ರತಿ ಅಂತ ಮಾತು ಕೊಡಿ, ಆ ಮಾತು ಉಳಿಸಿಕೊಳ್ಳಿ. ಮೂಲ ಫೈಲನ್ನು ಎರಡು ಕಡೆ ಇಟ್ಟುಕೊಳ್ಳಿ.

ಕೊಳ್ಳೋರಿಗೆ ಮೂರು ಪ್ರಶ್ನೆ ಸಾಕು. ಯಾರು ಬರೆದದ್ದು? ಎಷ್ಟು ಪ್ರತಿ? ಮಾರಿದ ಅಂಗಡಿ ಮುಚ್ಚಿದರೂ ಚಿತ್ರ ನನ್ನ ಹತ್ರ ಉಳಿಯುತ್ತಾ? ನಾನು ಮೂರನೆಯದನ್ನು ಕೇಳಲಿಲ್ಲ.

ಕಳೆದ ಸಲ ಊರಿಗೆ ಹೋದಾಗ ಚಿತ್ರ ಕಾಣೆಯಾದ ಸುದ್ದಿ ಅಮ್ಮಮ್ಮನಿಗೆ ಹೇಳಿದೆ. ನಗಲಿಲ್ಲ, ಬೈಯಲೂ ಇಲ್ಲ. "ಬರ್ದ್ ಹುಡ್ಗಂಗೆ ದುಡ್ ಸಿಕ್ಕಿತಾ?" ಅಂತ ಕೇಳಿದರು. ಸಿಕ್ಕಿರಬೇಕು ಅಂದೆ. "ಹಾಂಗಾರೆ ಅಡ್ಡಿಲ್ಲ" ಅಂದವರೇ ಎದ್ದು, ಸೆರಗಿನ ತುದಿಯಲ್ಲಿ ಸರಸ್ವತಿಯ ಗಾಜು ಒರೆಸಿದರು.