ಮಣ್ಣಿನ ಶಿಲೀಂಧ್ರಗಳ ಬಾಷ್ಪಶೀಲ ಸಂಯುಕ್ತಗಳು ಮತ್ತು ಸಸ್ಯಗಳ ಒತ್ತಡ ಸಹಿಷ್ಣುತೆ

ಮಣ್ಣಿನಲ್ಲಿ ವಾಸಿಸುವ ಶಿಲೀಂಧ್ರಗಳು ತಮ್ಮ ಬೆಳವಣಿಗೆಯ ಕಾಲದಲ್ಲಿ ಅನೇಕ ರಾಸಾಯನಿಕ ಪದಾರ್ಥಗಳನ್ನು ಹೊರಸೂಸುತ್ತವೆ. ಇವುಗಳಲ್ಲಿ ಕೆಲವು ಸಾಧಾರಣ ಉಷ್ಣಾಂಶದಲ್ಲಿಯೇ ಆವಿಯಾಗಿ, ಮಣ್ಣಿನ ಕಣಗಳ ನಡುವಿನ ಗಾಳಿಯಲ್ಲಿ ಹರಡುತ್ತವೆ. ಇವುಗಳಿಗೆ ಬಾಷ್ಪಶೀಲ ಸಾವಯವ ಸಂಯುಕ್ತಗಳೆಂದು ಹೆಸರು. ಅಣಬೆಯ ವಿಶಿಷ್ಟ ವಾಸನೆಗೆ ಕಾರಣವಾದ 1-ಆಕ್ಟೀನ್-3-ಆಲ್ ಎಂಬ ಮದ್ಯಸಾರವು ಇದಕ್ಕೆ ಪರಿಚಿತ ಉದಾಹರಣೆ. ಮೊದಲ ಮಳೆಗೆ ಏಳುವ ಮಣ್ಣಿನ ವಾಸನೆಯನ್ನೂ ಶಿಲೀಂಧ್ರಗಳದೆಂದು ಭಾವಿಸುವುದುಂಟು. ಆದರೆ ಆ ವಾಸನೆಯ ಮುಖ್ಯ ಅಂಶವಾದ ಜಿಯೋಸ್ಮಿನ್ ಅನ್ನು ಹೆಚ್ಚಾಗಿ ಉತ್ಪಾದಿಸುವುದು ಸ್ಟ್ರೆಪ್ಟೋಮೈಸಿಸ್ ಜಾತಿಯ ಬ್ಯಾಕ್ಟೀರಿಯಾಗಳು.

ಶಿಲೀಂಧ್ರವು ಬೇರನ್ನು ಮುಟ್ಟದೆಯೇ, ಕೇವಲ ಗಾಳಿಯ ಮೂಲಕ ಸಸ್ಯದ ಬೆಳವಣಿಗೆಯನ್ನು ಬದಲಿಸಬಲ್ಲದು ಎಂಬುದು ಈ ಸಂಯುಕ್ತಗಳ ಅಧ್ಯಯನದಿಂದ ತಿಳಿದುಬಂದಿರುವ ಮುಖ್ಯ ಸಂಗತಿ.

ಪ್ರಯೋಗದ ವಿಧಾನ:
ನಡುವೆ ಗೋಡೆಯಿರುವ ಪೆಟ್ರಿ ತಟ್ಟೆಯ ಒಂದು ಭಾಗದಲ್ಲಿ ಶಿಲೀಂಧ್ರವನ್ನೂ, ಇನ್ನೊಂದು ಭಾಗದಲ್ಲಿ ಸಸಿಯನ್ನೂ ಬೆಳೆಸಲಾಗುತ್ತದೆ. ಎರಡಕ್ಕೂ ಸಮಾನವಾಗಿರುವುದು ಮುಚ್ಚಳದ ಕೆಳಗಿನ ಗಾಳಿ ಮಾತ್ರ. ಸಾಸಿವೆ ಕುಟುಂಬಕ್ಕೆ ಸೇರಿದ ಅರಾಬಿಡಾಪ್ಸಿಸ್ ಎಂಬ ಪುಟ್ಟ ಸಸ್ಯವನ್ನು ಇಂತಹ ಪ್ರಯೋಗಗಳಲ್ಲಿ ಹೆಚ್ಚಾಗಿ ಬಳಸಲಾಗಿದೆ. 2003ರಲ್ಲಿ ಬ್ಯಾಕ್ಟೀರಿಯಾಗಳ ಬಾಷ್ಪಗಳಿಂದ ಈ ಸಸ್ಯದ ಬೆಳವಣಿಗೆ ಹೆಚ್ಚುವುದು ಇದೇ ವಿಧಾನದಿಂದ ಕಂಡುಬಂದಿತು. ಶಿಲೀಂಧ್ರಗಳ ಮೇಲಿನ ಅಧ್ಯಯನಗಳು ಬಹುಪಾಲು ಅನಂತರದವು.

ಟ್ರೈಕೋಡರ್ಮಾ:
ನಮ್ಮ ರೈತರಿಗೆ ಜೈವಿಕ ರೋಗನಾಶಕವಾಗಿ ಪರಿಚಿತವಾಗಿರುವ ಟ್ರೈಕೋಡರ್ಮಾ ಶಿಲೀಂಧ್ರದ ಬಗ್ಗೆ ವಿಶೇಷ ಅಧ್ಯಯನಗಳು ನಡೆದಿವೆ. ಇದರ ಕೆಲವು ತಳಿಗಳು 6-ಪೆಂಟೈಲ್-ಆಲ್ಫಾ-ಪೈರೋನ್ ಎಂಬ ಸಂಯುಕ್ತವನ್ನು ಉತ್ಪಾದಿಸುತ್ತವೆ. ಇದು ತೆಂಗಿನಕಾಯಿಯ ಪರಿಮಳವನ್ನು ಹೊಂದಿದೆ. ಎಲ್ಲ ತಳಿಗಳೂ ಇದನ್ನು ಉತ್ಪಾದಿಸುವುದಿಲ್ಲವಾದ್ದರಿಂದ ಪೊಟ್ಟಣವನ್ನು ಮೂಸಿ ನೋಡಿ ಗುಣಮಟ್ಟವನ್ನು ನಿರ್ಧರಿಸುವುದು ಸರಿಯಲ್ಲ. ಈ ಸಂಯುಕ್ತಕ್ಕೆ ಒಡ್ಡಿದ ಅರಾಬಿಡಾಪ್ಸಿಸ್ ಸಸ್ಯಗಳಲ್ಲಿ ಬೂದು ಕೊಳೆ ರೋಗದ ತೀವ್ರತೆ ಕಡಿಮೆಯಾದುದು 2015ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ವರದಿಯಾಗಿದೆ.

ಲವಣಾಂಶದ ಒತ್ತಡದ ವಿಷಯದಲ್ಲಿಯೂ ಗಮನಾರ್ಹ ಫಲಿತಾಂಶಗಳಿವೆ. ಉಪ್ಪಿನಂಶ ಹೆಚ್ಚಾದಾಗ ಬೇರುಗಳು ನೀರನ್ನು ಹೀರಲು ಅಸಮರ್ಥವಾಗುತ್ತವೆ. ಜೀವಕೋಶಗಳಲ್ಲಿ ಹೈಡ್ರೋಜನ್ ಪೆರಾಕ್ಸೈಡ್‌ನಂತಹ ಹಾನಿಕಾರಕ ಪದಾರ್ಥಗಳು ಶೇಖರಗೊಂಡು ಪತ್ರಹರಿತ್ತು ನಾಶವಾಗುತ್ತದೆ. ಟ್ರೈಕೋಡರ್ಮಾ ಬಾಷ್ಪಗಳಿಗೆ ಒಡ್ಡಿದ ಸಸಿಗಳಲ್ಲಿ ಈ ಹಾನಿ ಕಡಿಮೆಯಿದ್ದು, ಉಪ್ಪಿನ ನಡುವೆಯೂ ಬೆಳವಣಿಗೆ ಉತ್ತಮವಾಗಿತ್ತೆಂದು 2017ರ ಒಂದು ಅಧ್ಯಯನ ತಿಳಿಸುತ್ತದೆ. ಅದೇ ವರ್ಷ ಪ್ರಕಟವಾದ ಇನ್ನೊಂದು ಅಧ್ಯಯನವು ಇನ್ನೂ ಕುತೂಹಲಕಾರಿಯಾದುದು. ಬಾಷ್ಪವನ್ನು ಗ್ರಹಿಸಿದ ಬೇರುಗಳು ಕಬ್ಬಿಣದ ಅಂಶವನ್ನು ಹೀರುವ ವ್ಯವಸ್ಥೆಯನ್ನು ಚುರುಕುಗೊಳಿಸುತ್ತವೆ; ಇದರ ಪರಿಣಾಮವಾಗಿ, ಎಲೆಗಳು ಜಾಸ್ಮೋನಿಕ್ ಆಮ್ಲದ ಮೂಲಕ ರೋಗವನ್ನು ಎದುರಿಸಲು ಮುಂಚಿತವಾಗಿಯೇ ಸಿದ್ಧಗೊಳ್ಳುತ್ತವೆ. ಇದು ಅರಾಬಿಡಾಪ್ಸಿಸ್‌ನಲ್ಲಿ ಮಾತ್ರವಲ್ಲದೆ ಟೊಮ್ಯಾಟೊ ಬೆಳೆಯಲ್ಲಿಯೂ ಕಂಡುಬಂದಿದೆ.

ಮರಗಳ ಬೇರುಗಳೊಂದಿಗೆ ಸಹಜೀವನ ನಡೆಸುವ ಲ್ಯಾಕೇರಿಯಾ ಎಂಬ ಅಣಬೆಯು ಸೆಸ್ಕ್ವಿಟರ್ಪೀನ್ ಗುಂಪಿನ ಬಾಷ್ಪಗಳ ಮೂಲಕ, ಬೇರನ್ನು ತಲುಪುವ ಮುನ್ನವೇ ಪಾರ್ಶ್ವ ಬೇರುಗಳು ಹೆಚ್ಚುವಂತೆ ಮಾಡುವುದು 2015ರಲ್ಲಿ ದೃಢಪಟ್ಟಿದೆ.

ಫಲಿತಾಂಶಗಳ ಮಿತಿ:
ಒಂದೇ ಸಂಯುಕ್ತವು ಪ್ರಮಾಣಕ್ಕೆ ತಕ್ಕಂತೆ ಉಪಕಾರಿಯೂ ಅಪಕಾರಿಯೂ ಆಗಬಹುದು. 1-ಆಕ್ಟೀನ್-3-ಆಲ್ ಸಸ್ಯದ ರಕ್ಷಣಾ ವಂಶವಾಹಿಗಳನ್ನು ಪ್ರಚೋದಿಸುತ್ತದೆಯಾದರೂ, ಅಧಿಕ ಸಾಂದ್ರತೆಯಲ್ಲಿ ಸಸಿಯ ಬೆಳವಣಿಗೆಯನ್ನು ಕುಂಠಿತಗೊಳಿಸುತ್ತದೆ. ಇದಲ್ಲದೆ, ಮುಚ್ಚಿದ ತಟ್ಟೆಯಲ್ಲಿ ಸೂಕ್ಷ್ಮಜೀವಿಗಳ ಉಸಿರಾಟದಿಂದ ಇಂಗಾಲದ ಡೈಆಕ್ಸೈಡ್ ಶೇಖರಗೊಳ್ಳುತ್ತದೆ. ಸಸ್ಯಕ್ಕೆ ಇದೇ ಆಹಾರವಾದುದರಿಂದ, ಕಂಡುಬಂದ ಬೆಳವಣಿಗೆಯಲ್ಲಿ ಬಾಷ್ಪದ ಪಾಲೆಷ್ಟು ಎಂಬ ಪ್ರಶ್ನೆಯನ್ನು 2009ರಲ್ಲಿಯೇ ಎತ್ತಲಾಗಿತ್ತು. ಇದು ನ್ಯಾಯವಾದ ಆಕ್ಷೇಪಣೆ. ಸಂಯುಕ್ತವನ್ನು ಪ್ರತ್ಯೇಕಿಸಿ, ಶುದ್ಧ ರೂಪದಲ್ಲಿ ನೀಡಿ ನಡೆಸಿದ ಪ್ರಯೋಗಗಳಿಗೆ ಆದ್ದರಿಂದ ಹೆಚ್ಚಿನ ಬೆಲೆಯಿದೆ.

ಹೊಲದ ಮಣ್ಣು ತಟ್ಟೆಯಂತೆ ಮುಚ್ಚಿದುದಲ್ಲ. ಬಾಷ್ಪದ ಒಂದು ಭಾಗವು ಜೇಡಿ ಕಣಗಳಿಗೂ ಸಾವಯವ ಪದಾರ್ಥಕ್ಕೂ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗವನ್ನು ಇತರ ಸೂಕ್ಷ್ಮಜೀವಿಗಳು ಬಳಸಿಕೊಳ್ಳುತ್ತವೆ. ಅನಿಲಗಳು ಗಾಳಿಯಲ್ಲಿ ಹರಡುವುದಕ್ಕಿಂತ ನೀರಿನಲ್ಲಿ ಸುಮಾರು 10,000 ಪಟ್ಟು ನಿಧಾನವಾಗಿ ಹರಡುತ್ತವೆ. ಆದಕಾರಣ ತುಂಗಭದ್ರಾ ಮತ್ತು ಕೃಷ್ಣಾ ಅಚ್ಚುಕಟ್ಟು ಪ್ರದೇಶಗಳ ಸವುಳು-ಜವುಳು ಭೂಮಿಯಲ್ಲಿ, ಉಪ್ಪಿನ ಒತ್ತಡ ಅತಿ ಹೆಚ್ಚಾಗಿರುವೆಡೆಯಲ್ಲಿಯೇ, ನೀರು ನಿಂತಾಗ ಈ ಬಾಷ್ಪಗಳ ಸಂಚಾರ ಅತಿ ಕಡಿಮೆಯಾಗಿರುತ್ತದೆ. ಅಲ್ಲಿ ಬಸಿಗಾಲುವೆಗಳ ಮೂಲಕ ಹೆಚ್ಚುವರಿ ನೀರನ್ನು ಹೊರಹಾಕುವ ಕಾರ್ಯಕ್ಕೆ ಯಾವ ಶಿಲೀಂಧ್ರವೂ ಪರ್ಯಾಯವಲ್ಲ. ಬರ ಅಥವಾ ಚೌಳನ್ನು ಕೇವಲ ಬಾಷ್ಪದಿಂದ ಗೆಲ್ಲಬಹುದೆಂದು ಹೇಳಿ ಮಾರಲಾಗುವ ಉತ್ಪನ್ನಗಳ ಬಗ್ಗೆ ರೈತ ಬಾಂಧವರು ಎಚ್ಚರದಿಂದಿರಬೇಕು.

ಟ್ರೈಕೋಡರ್ಮಾ ಬಳಕೆ:
ಬಾಷ್ಪದ ಪ್ರಯೋಜನವು ದೊರೆಯಬೇಕಾದರೂ ಶಿಲೀಂಧ್ರವು ಬೇರಿನ ಸಮೀಪದಲ್ಲಿ ಜೀವಂತವಾಗಿ ಬೆಳೆಯುತ್ತಿರಬೇಕು. ತೊಗರಿ, ಕಡಲೆ ಮುಂತಾದ ಬೆಳೆಗಳಲ್ಲಿ ಸೊರಗು ರೋಗದ ನಿರ್ವಹಣೆಗಾಗಿ ಪ್ರತಿ ಕಿ.ಗ್ರಾಂ ಬಿತ್ತನೆ ಬೀಜಕ್ಕೆ 4 ಗ್ರಾಂ ಟ್ರೈಕೋಡರ್ಮಾ ಪುಡಿಯಿಂದ ಬೀಜೋಪಚಾರ ಮಾಡುವುದು ಬಹುಕಾಲದಿಂದ ರೂಢಿಯಲ್ಲಿರುವ ಶಿಫಾರಸು. ಉಪಚರಿಸಿದ ಬೀಜವನ್ನು ನೆರಳಿನಲ್ಲಿ ಒಣಗಿಸಿ ಬಿತ್ತಬೇಕು. ಮಣ್ಣಿಗೆ ಸೇರಿಸುವುದಾದಲ್ಲಿ, ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರ ಹಾಗೂ ಬೇವಿನ ಹಿಂಡಿಯೊಂದಿಗೆ ಬೆರೆಸಿ, ತೇವವಾಗಿಟ್ಟು, ನೆರಳಿನಲ್ಲಿ ಕೆಲವು ದಿನಗಳ ಕಾಲ ಮುಚ್ಚಿಟ್ಟರೆ ಶಿಲೀಂಧ್ರವು ವೃದ್ಧಿಯಾಗುತ್ತದೆ. ಪೊಟ್ಟಣದ ಮೇಲಿನ ಅವಧಿ ಮುಗಿಯುವ ದಿನಾಂಕವನ್ನು ಖರೀದಿಗೆ ಮುನ್ನ ಪರಿಶೀಲಿಸಬೇಕು. ರಾಸಾಯನಿಕ ಶಿಲೀಂಧ್ರನಾಶಕಗಳೊಂದಿಗೆ ಬೆರೆಸಿ ಬಳಸಬಾರದು. ಬೆರೆಸಿದಲ್ಲಿ ರೋಗಕಾರಕದೊಂದಿಗೆ ಟ್ರೈಕೋಡರ್ಮಾವೂ ನಾಶವಾಗುವ ಸಂಭವವಿರುತ್ತದೆ.