ಒಮೇಗಾ ಸೆಂಟಾರಿ: ಹೆಸರಿಗೆ ಒಂದು, ಒಳಗೆ ಒಂದು ಕೋಟಿ

ಕೆಲವು ತಪ್ಪುಗಳು ಹೆಸರಾಗಿಯೇ ಉಳಿದುಬಿಡುತ್ತವೆ ನೋಡಿ. ದಕ್ಷಿಣ ಆಕಾಶದ ಒಮೇಗಾ ಸೆಂಟಾರಿ ಅಂಥದ್ದೊಂದು.

ಎರಡನೇ ಶತಮಾನದಲ್ಲಿ ಟಾಲೆಮಿ ಇದನ್ನು ಒಂಟಿ ನಕ್ಷತ್ರವೆಂದೇ ಪಟ್ಟಿಗೆ ಸೇರಿಸಿದ. 1603ರಲ್ಲಿ ಯೊಹಾನ್ ಬಾಯರ್, ಉಳಿದ ನಕ್ಷತ್ರಗಳಂತೆ ಇದಕ್ಕೂ ಗ್ರೀಕ್ ಅಕ್ಷರ ಕೊಟ್ಟ. 1677ರಲ್ಲಿ ಸೇಂಟ್ ಹೆಲೆನಾ ದ್ವೀಪದಿಂದ ದೂರದರ್ಶಕದಲ್ಲಿ ನೋಡಿದವನು ಎಡ್ಮಂಡ್ ಹ್ಯಾಲಿ. ಹೌದು, ಧೂಮಕೇತುವಿನ ಹ್ಯಾಲಿಯೇ, ಆಗಿನ್ನೂ ಇಪ್ಪತ್ತರ ಹುಡುಗ! ಅವನಿಗೆ ಕಂಡಿದ್ದು ಚುಕ್ಕಿಯಲ್ಲ, ಮಂಜಿನ ಮುದ್ದೆ. 1830ರ ದಶಕದಲ್ಲಿ ಜಾನ್ ಹರ್ಷಲ್ ಆಫ್ರಿಕಾದ ಕೇಪ್‌ನಿಂದ ದೊಡ್ಡ ದೂರದರ್ಶಕ ತಿರುಗಿಸಿದಾಗ ಆ ಮಂಜು ಲೆಕ್ಕವಿಲ್ಲದಷ್ಟು ನಕ್ಷತ್ರಗಳಾಗಿ ಬಿಡಿಬಿಡಿಯಾಯಿತು.

ಈಗಿನ ಅಂದಾಜು: 17,000 ಜ್ಯೋತಿರ್ವರ್ಷ ದೂರದಲ್ಲಿ ಸುಮಾರು ಒಂದು ಕೋಟಿ ನಕ್ಷತ್ರಗಳ ಗೋಳಾಕಾರದ ಗುಚ್ಛ. ತಮಾಷೆಯೆಂದರೆ 'ಗುಚ್ಛ' ಅನ್ನುವುದೂ ಪೂರ್ತಿ ಸರಿಯಿಲ್ಲದಿರಬಹುದು! ನಮ್ಮ ಆಕಾಶಗಂಗೆ ನುಂಗಿದ ಪುಟ್ಟ ಗೆಲಾಕ್ಸಿಯೊಂದರ ತಿರುಳು ಇದು ಅಂತಾರೆ ಹಲವು ವಿಜ್ಞಾನಿಗಳು. ಅದರ ನಡುವಿನ ಏಳು ನಕ್ಷತ್ರಗಳ ವೇಗ ನೋಡಿ, ಸೂರ್ಯನ 8,200 ಪಟ್ಟಾದರೂ ತೂಗುವ ಕಪ್ಪುರಂಧ್ರ ಅಲ್ಲಿರುವ ಸುಳಿವನ್ನು 2024ರಲ್ಲಿ ಪ್ರಕಟಿಸಿದರು.

ಹೆಸರು ಮಾತ್ರ ಬದಲಾಗಿಲ್ಲ. ಬದಲಾಗಿದ್ದು ಇನ್ನೊಮ್ಮೆ ನೋಡಿದವರಿಂದ ನಮ್ಮ ತಿಳಿವಳಿಕೆ.

ಮೇ ನಡುವಿನಲ್ಲಿ ರಾತ್ರಿ ಹತ್ತರ ಸುಮಾರಿಗೆ ಊರಾಚೆಯ ಕತ್ತಲಲ್ಲಿ ದಕ್ಷಿಣಕ್ಕೆ ಮುಖ ಮಾಡಿ ನಿಂತರೆ ಕರ್ನಾಟಕದಿಂದಲೂ ಮಸುಕಾಗಿ ಕಾಣುತ್ತದೆ. ನೀವು ನೋಡಿದ್ದೀರಾ?