ಗಣಕಯಂತ್ರವನ್ನು ಕಡಿಮೆ ಖರ್ಚಿನಲ್ಲಿ ತಂಪಾಗಿಡುವ ಕ್ರಮಗಳು

ಪೀಠಿಕೆ

ಕಲಬುರಗಿ, ರಾಯಚೂರು ಮೊದಲಾದ ಜಿಲ್ಲೆಗಳಲ್ಲಿ ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ಹಗಲಿನ ಉಷ್ಣಾಂಶವು 40 ಡಿಗ್ರಿ ಸೆಲ್ಸಿಯಸ್ ಮೀರುವುದು ಸಾಮಾನ್ಯ. ಈ ಅವಧಿಯಲ್ಲಿ ಕಛೇರಿ, ಶಾಲೆ ಹಾಗೂ ಮನೆಗಳಲ್ಲಿನ ಗಣಕಯಂತ್ರಗಳು ನಿಧಾನಗೊಳ್ಳುವುದು ಅಥವಾ ಕೆಲಸದ ನಡುವೆ ತಾವಾಗಿಯೇ ಸ್ಥಗಿತಗೊಳ್ಳುವುದು ಕಂಡುಬರುತ್ತದೆ. ಇದರಿಂದ ಉಳಿಸದಿರುವ ಮಾಹಿತಿಯು ನಷ್ಟವಾಗುವುದಲ್ಲದೆ, ಸರದಿಯಲ್ಲಿ ನಿಂತ ಅರ್ಜಿದಾರರು ಬರಿಗೈಯಲ್ಲಿ ಹಿಂತಿರುಗಬೇಕಾಗುತ್ತದೆ. ಅನೇಕ ಸಂದರ್ಭಗಳಲ್ಲಿ ಇದಕ್ಕೆ ಕಾರಣ ಯಂತ್ರದ ವಯಸ್ಸಲ್ಲ. ಧೂಳು ಮತ್ತು ಗಾಳಿಯ ತಡೆ. ಆದ್ದರಿಂದ ಹೊಸ ಯಂತ್ರವನ್ನು ಕೊಳ್ಳುವ ಅಥವಾ ಹವಾನಿಯಂತ್ರಣ ಅಳವಡಿಸುವ ಮುನ್ನ ಈ ಕೆಳಕಂಡ ಕ್ರಮಗಳನ್ನು ಅನುಕ್ರಮವಾಗಿ ಅನುಸರಿಸುವುದು ಸೂಕ್ತ.

ಶಾಖ ಉಂಟಾಗುವ ಬಗೆ

ಗಣಕಯಂತ್ರವು ಬಳಸುವ ವಿದ್ಯುತ್ತಿನ ಬಹುಪಾಲು ಕೊನೆಗೆ ಶಾಖವಾಗಿ ಪರಿವರ್ತನೆಗೊಳ್ಳುತ್ತದೆ. ಪ್ರೊಸೆಸರಿನ ಶಾಖವನ್ನು ಅದರ ಮೇಲಿರುವ ಹೀಟ್ ಸಿಂಕ್ ಎಂಬ ಲೋಹದ ಹಲಗೆಗಳು ಹೀರಿಕೊಳ್ಳುತ್ತವೆ. ಫ್ಯಾನ್ ಅದನ್ನು ಗಾಳಿಗೆ ಸಾಗಿಸುತ್ತದೆ. ಫ್ಯಾನ್ ಎಷ್ಟೇ ವೇಗವಾಗಿ ತಿರುಗಿದರೂ ಯಂತ್ರವನ್ನು ಕೊಠಡಿಯ ಗಾಳಿಗಿಂತ ತಂಪಾಗಿಸಲಾರದು. ಕೊಠಡಿಯು 25 ಡಿಗ್ರಿ ಇದ್ದಾಗ 60 ಡಿಗ್ರಿಯಲ್ಲಿರುವ ಪ್ರೊಸೆಸರ್, ಕೊಠಡಿಯು 40 ಡಿಗ್ರಿ ಆದಾಗ ಅದೇ ಕೆಲಸಕ್ಕೆ ಸುಮಾರು 75 ಡಿಗ್ರಿ ತಲುಪುತ್ತದೆ. ಅನೇಕ ಪ್ರೊಸೆಸರುಗಳು 100 ಡಿಗ್ರಿಯನ್ನು ಸಮೀಪಿಸಿದಾಗ ವೇಗವನ್ನು ತಾವೇ ತಗ್ಗಿಸಿಕೊಳ್ಳುತ್ತವೆ. ಶಾಖವು ಇನ್ನೂ ಏರಿದರೆ ಯಂತ್ರವು ಸ್ಥಗಿತಗೊಳ್ಳುತ್ತದೆ. ಮಾಹಿತಿ ಇರುವ ಹಾರ್ಡ್ ಡಿಸ್ಕ್ ಇಷ್ಟು ಶಾಖವನ್ನು ತಾಳದು. ಹಲವು ಮಾದರಿಗಳ ಮಿತಿ 60 ಡಿಗ್ರಿ ಮಾತ್ರ.

ಪ್ರೊಸೆಸರಿನ ಉಷ್ಣಾಂಶವನ್ನು ಸಾಮಾನ್ಯವಾಗಿ ಬಯಾಸ್ ಪರದೆಯಲ್ಲಿ ಅಥವಾ ಕೋರ್ ಟೆಂಪ್‌ನಂತಹ ಉಚಿತ ತಂತ್ರಾಂಶದಲ್ಲಿ ನೋಡಬಹುದು. ಕ್ರಮಗಳನ್ನು ಕೈಗೊಳ್ಳುವ ಮುನ್ನ ಮತ್ತು ನಂತರ ಬರೆದಿಟ್ಟುಕೊಂಡರೆ ಪರಿಣಾಮವು ತಿಳಿಯುತ್ತದೆ.

ಖರ್ಚಿಲ್ಲದ ಕ್ರಮಗಳು

1. ಯಂತ್ರವನ್ನು ಮೇಜಿನ ಮುಚ್ಚಿದ ಕಪಾಟಿನಲ್ಲಿಡದೆ, ಹಿಂಬದಿಯಲ್ಲಿ ಕನಿಷ್ಠ 10ರಿಂದ 15 ಸೆಂಟಿಮೀಟರ್ ಜಾಗ ಬಿಡುವುದು.
2. ನೆಲದ ಮೇಲಿಡದೆ, ಗಟ್ಟಿಯಾದ ಹಲಗೆ ಅಥವಾ ಪೀಠದ ಮೇಲಿಡುವುದು.
3. ಕಿಟಕಿಯ ಬಿಸಿಲು ಯಂತ್ರದ ಮೇಲೆ ನೇರವಾಗಿ ಬೀಳದಂತೆ ನೋಡಿಕೊಳ್ಳುವುದು.
4. ಧೂಳಿನ ಹೊದಿಕೆಯನ್ನು ಬಳಕೆಗೆ ಮುನ್ನ ಪೂರ್ತಿ ತೆಗೆಯುವುದು. ಯಂತ್ರವು ಆರಿದ ನಂತರವೇ ಹೊದಿಸುವುದು.
5. ಆಯುಧಪೂಜೆಯ ಸಂದರ್ಭದಲ್ಲಿ ಅರಿಸಿನ, ಕುಂಕುಮವನ್ನು ಗಾಳಿಕಿಂಡಿಗಳಿಂದ ದೂರವಾಗಿ ಹಚ್ಚುವುದು.
6. ಊಟದ ವಿರಾಮದಲ್ಲಿ ಯಂತ್ರವನ್ನು ಸ್ಲೀಪ್ ಸ್ಥಿತಿಯಲ್ಲಿಡುವುದು. ಸ್ಕ್ರೀನ್ ಸೇವರ್‌ನಿಂದ ಶಾಖವು ಕಡಿಮೆಯಾಗದು. 100 ವ್ಯಾಟ್ ಬಳಸುವ ಯಂತ್ರವು 10 ಗಂಟೆಗೆ ಒಂದು ಯೂನಿಟ್ ವಿದ್ಯುತ್ ವ್ಯಯಿಸುವುದರಿಂದ ಇದು ಉಳಿತಾಯವೂ ಹೌದು.

ಅಲ್ಪ ವೆಚ್ಚದ ಕ್ರಮಗಳು

1. ಸ್ವಚ್ಛತೆ: ಮೂರು ತಿಂಗಳಿಗೊಮ್ಮೆ, ಸೀಮೆಸುಣ್ಣದ ಅಥವಾ ರಸ್ತೆಯ ಧೂಳು ಹೆಚ್ಚಿರುವಲ್ಲಿ ತಿಂಗಳಿಗೊಮ್ಮೆ ಶುಚಿಗೊಳಿಸುವುದು. ಯಂತ್ರವನ್ನು ನಿಲ್ಲಿಸಿ, ವಿದ್ಯುತ್ ತಂತಿಯನ್ನು ಕಳಚಿ, ಮೃದುವಾದ ಒಣ ಬ್ರಷ್ ಹಾಗೂ ಗಾಳಿ ಊದುವ ಸಾಧನವನ್ನು ಬಳಸುವುದು. ಊದುವಾಗ ಫ್ಯಾನ್ ತಿರುಗದಂತೆ ಬೆರಳಿನಿಂದ ಹಿಡಿಯತಕ್ಕದ್ದು.
2. ಥರ್ಮಲ್ ಪೇಸ್ಟ್: ಪ್ರೊಸೆಸರ್ ಮತ್ತು ಹೀಟ್ ಸಿಂಕ್ ನಡುವಿನ ಈ ಲೇಪವು ಕೆಲವು ವರ್ಷಗಳಲ್ಲಿ ಒಣಗಬಹುದು. ಹಳೆಯದನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಿಂದ ಒರೆಸಿ, ಬಟಾಣಿ ಕಾಳಿನಷ್ಟು ಹೊಸ ಲೇಪವನ್ನು ಹಾಕಿದರೆ ಸಾಕು. ಅನುಭವವಿಲ್ಲದವರು ತಂತ್ರಜ್ಞರಿಂದ ಮಾಡಿಸುವುದು.
3. ಹೆಚ್ಚುವರಿ ಫ್ಯಾನ್: ಕೆಲವು ನೂರು ರೂಪಾಯಿಗಳಿಗೆ ದೊರೆಯುತ್ತದೆ. ಮುಂಭಾಗದ ಫ್ಯಾನ್ ಗಾಳಿಯನ್ನು ಒಳಗೆಳೆಯುವಂತೆಯೂ ಹಿಂಭಾಗದ್ದು ಹೊರಹಾಕುವಂತೆಯೂ ಇರಬೇಕು. ಎರಡೂ ಎದುರುಬದುರಾಗಿ ಊದಿದರೆ ಪ್ರಯೋಜನವಿಲ್ಲ.

ಮಾಡಬಾರದ ಕಾರ್ಯಗಳು

• ಪವರ್ ಸಪ್ಲೈ ಪೆಟ್ಟಿಗೆಯನ್ನು ಎಂದಿಗೂ ಬಿಚ್ಚಬಾರದು. ತಂತಿ ಕಳಚಿದ ನಂತರವೂ ಅದರಲ್ಲಿ ಪ್ರಾಣಾಪಾಯಕಾರಿ ವಿದ್ಯುತ್ ಉಳಿದಿರುತ್ತದೆ.
• ಪಕ್ಕದ ಮುಚ್ಚಳವನ್ನು ಶಾಶ್ವತವಾಗಿ ತೆಗೆದಿಡಬಾರದು. ಧೂಳು ಹೆಚ್ಚುವುದಲ್ಲದೆ ಗಾಳಿಯ ಹರಿವು ಕೆಡಬಹುದು.
• ನೀರಿನ ಏರ್ ಕೂಲರಿನ ಗಾಳಿಯನ್ನು ಯಂತ್ರದತ್ತ ನೇರವಾಗಿ ಬಿಡಬಾರದು. ತೇವಾಂಶವು ತುಕ್ಕಿಗೆ ಕಾರಣವಾಗುತ್ತದೆ. ಕರಾವಳಿಯಲ್ಲಿ ಈ ಎಚ್ಚರಿಕೆಯು ಇನ್ನೂ ಅಗತ್ಯ.
• ಮನೆಬಳಕೆಯ ವ್ಯಾಕ್ಯೂಮ್ ಕ್ಲೀನರನ್ನು ಒಳಭಾಗಗಳಿಗೆ ಬಳಸಬಾರದು. ಸ್ಥಾಯಿ ವಿದ್ಯುತ್ತಿನಿಂದ ಬಿಡಿಭಾಗಗಳು ಹಾಳಾಗಬಹುದು.

ವಿಶೇಷ ಸೂಚನೆ: ಖಾತರಿ ಅವಧಿಯಲ್ಲಿರುವ ಯಂತ್ರವನ್ನು ಬಿಚ್ಚುವ ಮುನ್ನ ಅದರ ಷರತ್ತುಗಳನ್ನು ಪರಿಶೀಲಿಸುವುದು. ಮೇಲ್ಕಂಡ ಕ್ರಮಗಳ ನಂತರವೂ ಯಂತ್ರವು ಸ್ಥಗಿತಗೊಳ್ಳುತ್ತಿದ್ದಲ್ಲಿ, ಮೊದಲು ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ತೆಗೆದಿಟ್ಟು, ಅನಂತರ ದುರಸ್ತಿಗೆ ನೀಡತಕ್ಕದ್ದು. ಬಿಡಿಭಾಗಗಳನ್ನು ಮತ್ತೆ ಕೊಳ್ಳಬಹುದು. ಪ್ರತಿಯಿಲ್ಲದ ಕಡತವನ್ನು ಮರಳಿ ಪಡೆಯುವುದು ಕಷ್ಟ.